ಕಲಿತ ಪಾಠವೂ ನಿಂತ ಪಾಠವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಿಂದಲೂ ಒಂದು ಲೇಖನವು ಬರಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದಾಗ, ಕಟ್ಟಡದ ನಿಧಿ, ಪ್ರಯೋಗಶಾಲೆ, ಕಳೆದ ವರ್ಷಗಳ ಪರೀಕ್ಷಾಫಲ ಮುಂತಾದವುಗಳನ್ನು ಕ್ರಮವಾಗಿ ಬರೆದುಕೊಟ್ಟು ಹೊಣೆಯನ್ನು ತೀರಿಸಿಕೊಳ್ಳೋಣವೆಂದು ಮೊದಲು ಎಣಿಸಿದ್ದೆವು. ಆದರೆ ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಇದ್ದೇ ಇರುವುವು. ಅವನ್ನೇ ಎರಡನೆಯ ಸಲ ಓದಿಸಿ ತಮ್ಮ ತಾಳ್ಮೆಯನ್ನು ಪರೀಕ್ಷಿಸುವುದು ಸರಿಯಲ್ಲವೆಂದು ತೋರಿದುದರಿಂದ, ಬಹುಕಾಲದಿಂದ ಮನಸ್ಸಿನೊಳಗೇ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಪೂರ್ವವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡಲು ಧೈರ್ಯಮಾಡಿರುವೆವು. ಅದು ನಮ್ಮ ಕೀರ್ತಿಗೆ ಸೇರಿದ್ದಲ್ಲ, ನಮ್ಮ ತಪ್ಪಿಗೆ ಸೇರಿದ್ದು.

ಸುಮಾರು ಇಪ್ಪತ್ತು ವರ್ಷಗಳ ಕೆಳಗೆ, ಶಿಕ್ಷಕರ ತರಬೇತಿಯನ್ನು ಮುಗಿಸಿಕೊಂಡು ನಾವು ಈ ಅರಸೀಕೆರೆಗೆ ಬಂದು ಎರಡು ವರ್ಷವಾಗಿತ್ತು. ಒಂಬತ್ತನೆಯ ತರಗತಿಗೆ ಚರಿತ್ರೆಯನ್ನು ಹೇಳಿಕೊಡುತ್ತಿದ್ದೆವು. ಆ ಕಾಲದಲ್ಲಿ ನಮ್ಮ ಟಿಪ್ಪಣಿಗಳಿಗೆ ಊರಿನಲ್ಲಿ ಒಂದು ಹೆಸರಿತ್ತು. ಪ್ರತಿಯೊಂದು ಪಾಠಕ್ಕೂ ಪೀಠಿಕೆ, ಕಾರಣಗಳು, ಪರಿಣಾಮಗಳು ಎಂದು ವಿಂಗಡಿಸಿ, ಒಂದೊಂದು ಪದವನ್ನೂ ನಿಧಾನವಾಗಿ ಹೇಳಿ ಬರೆಯಿಸುತ್ತಿದ್ದೆವು. ಬಾಲಿಕೆಯರು ಶೀರ್ಷಿಕೆಗಳಿಗೆ ಕೆಂಪು ಮಸಿಯಿಂದ ಅಡಿಗೆರೆ ಎಳೆಯುತ್ತಿದ್ದರು. ಬೇರೆ ಶಾಲೆಯ ಮಕ್ಕಳೂ ಆ ಪುಸ್ತಕಗಳನ್ನು ಕಡ ಪಡೆದು ನಕಲು ಮಾಡಿಕೊಳ್ಳುವರೆಂದು ಕೇಳಿ ನಾವು ಹಿಗ್ಗಿದ್ದುಂಟು. ಹೊಯ್ಸಳರ ಪಾಠಕ್ಕಂತೂ ಎರಡೂವರೆ ಪುಟದ ಟಿಪ್ಪಣಿ. ಹೊಯ್ಸಳ ದೇವಾಲಯಗಳ ಲಕ್ಷಣಗಳು: ನಕ್ಷತ್ರಾಕಾರದ ತಳವಿನ್ಯಾಸ, ಎತ್ತರವಾದ ಜಗತಿ, ತಿರುಗಣೆಯಲ್ಲಿ ಕಡೆದಂಥ ಕಂಬಗಳು, ಕ್ಲೋರೈಟ್ ಶಿಸ್ಟ್ ಎಂಬ ಶಿಲೆಯ ಉಪಯೋಗ, ಮದನಿಕೆಯರು. ಪರೀಕ್ಷೆಗೆ ಇದೇ ಪ್ರಶ್ನೆಯನ್ನು ಹತ್ತು ಅಂಕಕ್ಕೆ ಕೊಟ್ಟೆವು. ಹೆಚ್ಚುಮಂದಿಗೆ ಎಂಟು, ಒಂಬತ್ತು ಬಂದುವು. ಒಬ್ಬಳಿಗೆ ಮಾತ್ರ ಎರಡು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಪರೀಕ್ಷೆ ಮುಗಿದ ವಾರದಲ್ಲಿ ಆ ತರಗತಿಯನ್ನು ಹಳೇಬೀಡಿಗೂ ಬೇಲೂರಿಗೂ ಕರೆದುಕೊಂಡು ಹೋದೆವು. ಬೆಳಗ್ಗೆ ಪುಳಿಯೋಗರೆಯ ಡಬ್ಬಿಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿ, ಜಾವಗಲ್ಲಿನ ಮೇಲೆ ಹಾದು ಹಳೇಬೀಡಿಗೆ ತಲಪಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಹೊಯ್ಸಳೇಶ್ವರ ದೇವಾಲಯದ ಮೆಟ್ಟಿಲು ಹತ್ತಿ, ಗೋಡೆಯ ಸುತ್ತಲೂ ಸಾಲಾಗಿ ನಡೆಯತೊಡಗಿದೆವು. ಕೆಳಗಣ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು, ಬಳ್ಳಿಯ ಸುರುಳಿಗಳು, ಕುದುರೆಗಳು, ಮೇಲೆ ರಾಮಾಯಣ ಭಾರತಗಳ ಕಥೆ, ಮಕರಗಳು, ಹಂಸಗಳು. ಇವೆಲ್ಲವನ್ನೂ ನಾವು ಕೈತೋರಿಸಿ ಹೇಳುತ್ತಿರಲಾಗಿ, ಒಂಬತ್ತು ಅಂಕ ಪಡೆದಿದ್ದ ಒಬ್ಬ ಬಾಲಿಕೆ, ಬಹು ಬುದ್ಧಿವಂತೆ, ನಮ್ಮ ಹತ್ತಿರಕ್ಕೆ ಬಂದು, “ಮಿಸ್, ಜಗತಿ ಅಂತ ಬರೆದಿದ್ದೆವಲ್ಲ, ಅದು ಯಾವ ಕಡೆ ಇದೆ? ನೋಡಬೇಕು,” ಎಂದಳು.

ಅವಳು ಜಗತಿಯ ಮೇಲೆಯೇ ನಿಂತಿದ್ದಳು.

ನಾವು ನಕ್ಕುಬಿಟ್ಟೆವು. ಇತರ ಬಾಲಿಕೆಯರ ಮುಖವನ್ನು ನೋಡಿದೆವು, ಯಾರೂ ನಗಲಿಲ್ಲ. ಅಂದರೆ ಯಾರಿಗೂ ತಿಳಿದಿರಲಿಲ್ಲ. ದೇವಾಲಯದ ಸುತ್ತ, ಅದರ ಮೂಲೆಗಳನ್ನೇ ಅನುಸರಿಸಿ ಚಾಚಿಕೊಂಡಿರುವ ಆ ಎತ್ತರದ ಕಟ್ಟೆಯ ಮೇಲೆ ಮೂವತ್ತೆಂಟು ಮಂದಿ ನಡೆದಾಡುತ್ತ, ಜಗತಿಯೆಂದರೆ ಒಳಗೆಲ್ಲೋ ಇಟ್ಟಿರುವ ಒಂದು ವಸ್ತುವೆಂದು ತಿಳಿದಿದ್ದರು. ನಕ್ಷತ್ರವೆಲ್ಲಿ ಎಂದು ಇನ್ನೊಬ್ಬಳು ಗೋಡೆಯ ಮೇಲಿನ ಕೆತ್ತನೆಗಳಲ್ಲಿ ಹುಡುಕುತ್ತಿದ್ದಳು.

ಆ ಹೊತ್ತಿಗೆ ನಮ್ಮ ಎರಡಂಕದ ಬಾಲಿಕೆಯು ಸಾಲಿನಿಂದ ಹಿಂದೆ ಬಿದ್ದಿದ್ದಳು. ಅಂಗಳದ ಒಂದು ಕಡೆಯಲ್ಲಿ ಒಡೆದ ಕಲ್ಲುಗಳನ್ನು ಜೋಡಿಸಿಟ್ಟಿದ್ದರು. ಅವಳು ಅಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಒಂದು ಕಲ್ಲನ್ನು ಬೆರಳಿನಿಂದ ತೀಡಿ ತೀಡಿ ನೋಡುತ್ತಿದ್ದಳು. ನಾವು ಕೂಗಿದೆವು. ಓಡಿಬಂದು, “ಮಿಸ್, ಇದು ಬಳಪದ ಕಲ್ಲಲ್ಲವಾ? ನಮ್ಮ ಅಜ್ಜಿಯ ಊರಿನ ಗುಡ್ಡದಲ್ಲಿ ಸಿಗುತ್ತೆ. ನಾವು ಅದರಲ್ಲೇ ನೆಲದ ಮೇಲೆ ಬರೆಯುತ್ತಿದ್ದೆವು. ಅಷ್ಟು ಮೆತ್ತಗಿರುವ ಕಲ್ಲು ಇಷ್ಟು ಗಟ್ಟಿ ಯಾಕಾಯಿತು?” ಎಂದು ಕೇಳಿದಳು.

ನಾವು ಹೇಳಿದ್ದು ಇಷ್ಟೇ: “ಸಾಲಿನಲ್ಲಿ ನಿಲ್ಲು.”

ಹೊಯ್ಸಳ ಶಿಲ್ಪದ ಗುಟ್ಟೆಲ್ಲ ಆ ಬಾಲಿಕೆಯ ಪ್ರಶ್ನೆಯಲ್ಲಿತ್ತು. ಕ್ಲೋರೈಟ್ ಶಿಸ್ಟ್ ಎಂದು ನಾವು ಬರೆಯಿಸಿದ್ದು, ನಮ್ಮ ಜನರು ಬಳಪದ ಕಲ್ಲೆಂದು ಕರೆಯುವ ಶಿಲೆಯನ್ನೇ. ಗಣಿಯಿಂದ ತೆಗೆದಾಗ ಅದು ಮೃದುವಾಗಿರುತ್ತದೆ. ಗಾಳಿಗೆ ಒಡ್ಡಿಕೊಂಡಂತೆ ಕಾಲಕ್ರಮದಲ್ಲಿ ಬಿಗಿಯಾಗುತ್ತದೆ. ಆದುದರಿಂದಲೇ ಕೈಬಳೆಯ ಒಳಗಣ ಸಂದನ್ನೂ ಆನೆಯ ಕೊರಳ ಗಂಟೆಯನ್ನೂ ಆ ಕಲ್ಲಿನಲ್ಲಿ ಬಿಡಿಸಿ ತೋರಿಸುವುದು ಶಿಲ್ಪಿಗಳಿಗೆ ಸಾಧ್ಯವಾಯಿತು. ಒಂಬತ್ತಂಕದವರಿಗೆ ಗೊತ್ತಿದ್ದುದು ಕಲ್ಲಿನ ಹೆಸರು. ಎರಡಂಕದವಳಿಗೆ ಗೊತ್ತಿದ್ದುದು ಕಲ್ಲು. ಅವಳು ಪರೀಕ್ಷೆಯಲ್ಲಿ ಬರೆಯದೆ ಬಿಟ್ಟ ಸಾಲುಗಳಲ್ಲಿ ಅದೂ ಒಂದೆಂಬುದು ಆಮೇಲೆ ಉತ್ತರಪತ್ರಿಕೆಯನ್ನು ತೆಗೆದು ನೋಡಿದಾಗ ತಿಳಿಯಿತು. ಬೇಲೂರಿನಲ್ಲಿ ಆ ಮಧ್ಯಾಹ್ನ ಏನೇನು ನೋಡಿದೆವೋ ನಮಗೆ ನೆನಪಿಲ್ಲ.

ಅವಳು ಆ ವರ್ಷ ಮೂರು ವಿಷಯಗಳಲ್ಲಿ ತೇರ್ಗಡೆಯಾಗಲಿಲ್ಲ. ಮೇ ತಿಂಗಳಿನಲ್ಲಿ ಅವಳ ತಂದೆ ಬಂದು, “ಓದು ಇವಳ ತಲೆಗೆ ಹತ್ತಲ್ಲ ಮಿಸ್, ಮನೇಲಿ ಇರಲಿ,” ಎಂದು ವರ್ಗಾವಣೆ ಪತ್ರವನ್ನು ಕೇಳಿದರು. ತರಗತಿಯ ಉಪಾಧ್ಯಾಯಿನಿಯಾಗಿ ನಾವು ರುಜು ಹಾಕಿಕೊಟ್ಟೆವು. ತಡೆದು ಒಂದು ಮಾತನ್ನು ಆಡಬಹುದಾಗಿತ್ತು. ಬಳಪದ ಕಲ್ಲಿನ ಮಾತನ್ನೇ ಆ ತಂದೆಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಬಾಗಿಲ ಹೊರಗೆ ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

ಆ ಬೇಸಗೆಯ ರಜೆಯಲ್ಲಿ ನಮ್ಮ ತರಬೇತಿಯ ಕಾಲದ ಪುಸ್ತಕಗಳನ್ನು ಹೊರಗೆ ತೆಗೆದೆವು. ಶಿಕ್ಷಣ ಮನಶ್ಶಾಸ್ತ್ರದ ಟಿಪ್ಪಣಿಯಲ್ಲಿ ‘ಮರೆವಿನ ರೇಖೆ’ ಎಂಬ ಅಧ್ಯಾಯವು ನಮ್ಮದೇ ಕೈಬರಹದಲ್ಲಿ, ಕೆಂಪು ಅಡಿಗೆರೆಗಳೊಡನೆ ಇತ್ತು. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುವುದೆಂದು ಅಳೆದು 1885ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲಿಯೇ ಅತಿ ವೇಗವಾಗಿರುತ್ತದೆ, ಅನಂತರ ನಿಧಾನವಾಗುತ್ತದೆ, ನಡುನಡುವೆ ಬಿಡುವು ಕೊಟ್ಟು ಮತ್ತೆ ಕಲಿತರೆ ಕಲಿತದ್ದು ಹೆಚ್ಚುಕಾಲ ನಿಲ್ಲುತ್ತದೆ ಎಂಬುದು ಅವರು ಕಂಡ ಸಾರ. ಇದನ್ನು ನಾವು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದೆವು. ಬರೆದು ಹೊರಗೆ ಬಂದು, ಮರೆವಿನ ವಿಷಯವನ್ನೇ ಮರೆತುಬಿಟ್ಟಿದ್ದೆವು. ಜಗತಿಯ ಮೇಲೆ ನಿಂತು ಜಗತಿಯನ್ನು ಹುಡುಕಿದ ಬಾಲಿಕೆಗೂ ನಮಗೂ ಯಾವ ಭೇದವೂ ಇರಲಿಲ್ಲ!

ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗ ಒಂದೇ ಒಂದು ಬದಲಾವಣೆಯನ್ನು ಮಾಡಿದೆವು. ಪಾಠ ಆರಂಭಿಸುವ ಮುನ್ನ ಮೊದಲ ಐದು ನಿಮಿಷ ಪುಸ್ತಕಗಳನ್ನು ಮುಚ್ಚಿಸಿ, ನಿನ್ನೆಯ ಪಾಠದಿಂದ ಎರಡು ಸಂಗತಿ, ಹೋದ ವಾರದ ಪಾಠದಿಂದ ಒಂದು, ಹೋದ ತಿಂಗಳಿನ ಪಾಠದಿಂದ ಒಂದು, ಹೀಗೆ ನಾಲ್ಕನ್ನು ತಮ್ಮ ಮಾತಿನಲ್ಲಿಯೇ ಚೀಟಿಯಲ್ಲಿ ಬರೆಯಬೇಕೆಂದೆವು. ಅದಕ್ಕೆ ಅಂಕವಿಲ್ಲ, ಬೈಗುಳವಿಲ್ಲ, ಚೀಟಿಯನ್ನು ನಾವು ತೆಗೆದುಕೊಳ್ಳುವುದೂ ಇಲ್ಲ. ಮೊದಲ ಎರಡು ವಾರ ತರಗತಿಯಲ್ಲಿ ಮೌನವೋ ಮೌನ. ಲೇಖನಿಯ ತುದಿಯನ್ನು ಕಚ್ಚಿಕೊಂಡು ಕುಳಿತಿರುತ್ತಿದ್ದರು. ಕೆಲವರಿಗೆ ಕಣ್ಣಲ್ಲಿ ನೀರೂ ಬಂದುವು. ಯಾಕಂದರೆ ಓದಿದವರಿಗೆ ತಾವು ಓದಿದ್ದೇವೆಂಬ ಭರವಸೆಯಿರುತ್ತದೆ, ಪುಸ್ತಕ ಮುಚ್ಚಿದೊಡನೆ ಆ ಭರವಸೆ ಸುಳ್ಳಾಗುತ್ತದೆ. ನೆನಪಿಗೆ ಬಾರದೆ ತಡಕಾಡುವ ಆ ನಿಮಿಷಗಳು ವ್ಯರ್ಥವೆಂದು ನಮ್ಮ ಸಹೋದ್ಯೋಗಿಗಳಲ್ಲಿ ಅನೇಕರು ಹೇಳಿದರು. ನಮಗೂ ಹಾಗೆಯೇ ಅನ್ನಿಸಿತ್ತು.

ಅದು ವ್ಯರ್ಥವಲ್ಲವೆಂಬುದಕ್ಕೆ ಒಂದು ಆಧಾರವು ಕೆಲವು ವರ್ಷಗಳ ಅನಂತರ ನಮ್ಮ ಕಣ್ಣಿಗೆ ಬಿತ್ತು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ನಡೆಸಿದ ಪ್ರಯೋಗವು 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದೇ ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರು ಅವಧಿಗಳಲ್ಲಿ ಓದಿದುದನ್ನು ನೋಡದೆ, ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷ ಕಳೆದು ಕೇಳಿದಾಗ ಓದಿದವರೇ ಮುಂದು: ಅವರಿಗೆ ನೂರಕ್ಕೆ 83ರಷ್ಟು, ಇವರಿಗೆ 71ರಷ್ಟು ನೆನಪಿತ್ತು. ಒಂದು ವಾರ ಕಳೆದು ಕೇಳಿದಾಗ ಓದಿದವರಲ್ಲಿ ಉಳಿದದ್ದು 40, ನೆನೆದು ಬರೆದವರಲ್ಲಿ 61. ನಾವು ಟಿಪ್ಪಣಿ ಬರೆಯಿಸಿ ಮರುದಿನವೇ ಪರೀಕ್ಷೆ ಕೊಟ್ಟು ಹೆಮ್ಮೆಪಟ್ಟುದೆಲ್ಲವೂ ಆ ಐದು ನಿಮಿಷದ ಲೆಕ್ಕವಾಗಿತ್ತು.

ನಿಂತರೆ ಸಾಲದು, ನಿಂತದ್ದಕ್ಕೆ ಬೆಲೆಯುಂಟೆಂದು ಬಾಲಿಕೆಗೆ ತೋರಬೇಕು. ಇದನ್ನು ನಮಗೆ ಕಲಿಸಿದವಳು ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ. ನಾವು ಒಂದು ನಿಯಮವನ್ನು ಮಾಡಿದ್ದೆವು: ವಾರಕ್ಕೊಂದು ಪಾಠವನ್ನು ಮನೆಯಲ್ಲಿ ತಾಯಿಗಾಗಲಿ ಅಜ್ಜಿಗಾಗಲಿ ಹೇಳಬೇಕು, ಅವರು ಕೇಳಿದ ಒಂದು ಪ್ರಶ್ನೆಯನ್ನು ತರಗತಿಗೆ ತರಬೇಕು. ಆ ವಾರ ಸರಳಬಡ್ಡಿಯ ಪಾಠವಾಗಿತ್ತು. ಪುಸ್ತಕದ ಲೆಕ್ಕಗಳಲ್ಲಿ ಬಡ್ಡಿಯು ವರ್ಷಕ್ಕೆ ಶೇಕಡಾ ಎಂಟು, ಶೇಕಡಾ ಹತ್ತು. ನಮ್ಮ ಊರಿನ ಮಾತಿನಲ್ಲಿ ಬಡ್ಡಿಯೆಂದರೆ ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’. ಅದು ನೂರಕ್ಕೆ, ತಿಂಗಳಿಗೆ. ಇವೆರಡೂ ಒಂದೇ ಸಂಗತಿಯ ಎರಡು ಹೆಸರೆಂದು ನಾವು ಒಂದು ದಿನವೂ ಹೇಳಿರಲಿಲ್ಲ. ಈ ಬಾಲಿಕೆ ಹೇಳಿದ್ದನ್ನು ಕೇಳಿದ ತಾಯಿ, “ಹಾಗಾದರೆ ಮೂರು ರೂಪಾಯಿ ಬಡ್ಡಿ ನಿಮ್ಮ ಪುಸ್ತಕದಲ್ಲಿ ಎಷ್ಟಾಯಿತು?” ಎಂದು ಕೇಳಿದರಂತೆ. ಶೇಕಡಾ 36 ಎಂದು ಮಗಳು ಲೆಕ್ಕ ಹಾಕಿದಳು. ತಾಯಿ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಒಂದು ಸಾಲದ ಚೀಟಿಗಳಿದ್ದುವು. ಇಪ್ಪತ್ತು ಸಾವಿರ ಅಸಲು, ತಿಂಗಳಿಗೆ 600 ರೂಪಾಯಿಯಂತೆ ಮೂರು ವರ್ಷ ಕಟ್ಟಿದ್ದರು. ತಾಯಿ ಮಗಳು ಸೇರಿ ಕೂಡಿದರು: 21,600 ರೂಪಾಯಿ. ಅಸಲು ಹಾಗೆಯೇ ಇತ್ತು.

ಬಾಲಿಕೆಯು ಮರುದಿನ ತರಗತಿಯಲ್ಲಿ ಎದ್ದು ನಿಂತು ಈ ಪ್ರಶ್ನೆಯನ್ನು ಹೇಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಮ್ಮ ಕೊಠಡಿಗೆ ಬಂದು ಮೆಲ್ಲಗೆ ಹೇಳಿದಳು. ಆ ತಾಯಿ ಮುಂದೆ ತಮ್ಮ ಸ್ತ್ರೀಶಕ್ತಿ ಸಂಘದಿಂದ ಕಡಿಮೆ ಬಡ್ಡಿಗೆ ಹಣ ತೆಗೆದು ಆ ಸಾಲವನ್ನು ತೀರಿಸಿದರೆಂದು ಬಲ್ಲೆವು. ಸಂಘದ ಲೆಕ್ಕದ ಪುಸ್ತಕವನ್ನು ಮಗಳೇ ತಿಂಗಳಿಗೊಮ್ಮೆ ಓದಿ ಹೇಳುತ್ತಿದ್ದಳು. ಸರಳಬಡ್ಡಿಯ ಸೂತ್ರವನ್ನು ಅವಳಿಗೆ ನಾವು ಎರಡನೆಯ ಸಲ ಹೇಳಿಕೊಡಬೇಕಾಗಿ ಬರಲಿಲ್ಲ.

ಪೋಷಕರಲ್ಲಿ ಈ ಸಂದರ್ಭದಲ್ಲಿ ಒಂದು ಬಿನ್ನಹ. ಮಗಳು ಸಂಜೆ ಮನೆಗೆ ಬಂದೊಡನೆ ‘ಎಷ್ಟು ಮಾರ್ಕು?’ ಎಂದು ಕೇಳುವುದು ಎಲ್ಲರಿಗೂ ರೂಢಿ. ಆ ಪ್ರಶ್ನೆಗೆ ಒಂದು ಸಂಖ್ಯೆಯಷ್ಟೇ ಉತ್ತರ. ‘ಇವತ್ತು ಏನು ಹೇಳಿಕೊಟ್ಟರು, ನನಗೂ ಹೇಳು’ ಎಂದು ವಾರಕ್ಕೆ ಎರಡು ಸಲ ಕೇಳಿ ನೋಡಿರಿ. ತಾವು ಓದಿದವರಲ್ಲದಿದ್ದರೆ ಇನ್ನೂ ಒಳ್ಳೆಯದು. ಗೊತ್ತಿಲ್ಲದವರಿಗೆ ಹೇಳುವಾಗಲೇ ಮಗುವಿಗೆ ತನಗೆ ಗೊತ್ತಿಲ್ಲದುದು ಯಾವುದೆಂದು ತಿಳಿಯುವುದು.

ಇಷ್ಟು ಹೇಳಿ, ನಮ್ಮ ಇನ್ನೊಂದು ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಹೊಸ ದಾರಿಯ ಉತ್ಸಾಹದಲ್ಲಿ ನಾವು ಬಾಯಿಪಾಠವೆಂಬುದನ್ನೇ ಶತ್ರುವೆಂದು ಭಾವಿಸಿದ್ದೆವು. ತಿಳಿದುಕೊಂಡರೆ ಸಾಕು, ಉರುಹೊಡೆಯುವುದು ಬೇಡ ಎಂದು ಕೆಳಗಿನ ತರಗತಿಗಳಲ್ಲಿ ಬೆಳಗಿನ ಮಗ್ಗಿಯನ್ನು ನಿಲ್ಲಿಸಿದೆವು. ಎರಡು ವರ್ಷ ಕಳೆದು ಅದೇ ಬಾಲಿಕೆಯರು ಮೇಲಿನ ತರಗತಿಗೆ ಬಂದಾಗ, ಬೀಜಗಣಿತದ ಒಂದು ಲೆಕ್ಕದ ನಡುವೆ ಏಳೆಂಟಲಿ ಎಷ್ಟೆಂದು ಬೆರಳೆಣಿಸುತ್ತ ಕುಳಿತರು. ಎಣಿಸಿ ಮುಗಿಯುವಷ್ಟರಲ್ಲಿ ಲೆಕ್ಕದ ದಾರಿಯೇ ತಪ್ಪಿಹೋಗುತ್ತಿತ್ತು. ಆ ತಂಡದ ಎಸ್.ಎಸ್.ಎಲ್.ಸಿ. ಫಲಿತಾಂಶವು ಹಿಂದಿನ ವರ್ಷಕ್ಕಿಂತ ಇಳಿಯಿತು. ಗಣಿತದಲ್ಲಿ ನಾಲ್ವರು ಉಳಿದರು. ಅವರಲ್ಲಿ ಇಬ್ಬರು ಪೂರಕ ಪರೀಕ್ಷೆಗೂ ಕುಳಿತುಕೊಳ್ಳಲಿಲ್ಲ. ಅದಕ್ಕೆ ನಾವೇ ಹೊಣೆ.

ಆ ವರ್ಷದ ಪೋಷಕರ ಸಭೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು, ಒಬ್ಬ ವಿದ್ಯಾರ್ಥಿನಿಯ ಅಜ್ಜ, ಎದ್ದು ನಿಂತರು. ಕೋಪಗೊಂಡಿರಲಿಲ್ಲ. “ಅಮ್ಮಾ, ನಾನು ಕೂಲಿಮಠದಲ್ಲಿ ಓದಿದವನು,” ಎಂದು ಆರಂಭಿಸಿ, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಒಂದೇ ಉಸಿರಿನಲ್ಲಿ ಹೇಳತೊಡಗಿದರು. ಸಭೆಯು ಮೊದಲು ನಕ್ಕಿತು, ಆಮೇಲೆ ಸುಮ್ಮನಾಯಿತು. ಅವರು ಮುಗಿಸಿ, “ಇದರಿಂದಲೇ ಕೊಬ್ಬರಿ ವ್ಯಾಪಾರದಲ್ಲಿ ಒಬ್ಬನೂ ನನಗೆ ಮೋಸ ಮಾಡಲಿಲ್ಲ. ಇದನ್ನು ಯಾಕೆ ತೆಗೆದಿರಿ?” ಎಂದು ಕೇಳಿ ಕುಳಿತುಕೊಂಡರು. ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಸೋಮವಾರದಿಂದ ಮಗ್ಗಿಯನ್ನು ಮತ್ತೆ ಆರಂಭಿಸಿದೆವು.

ಹಿರಿಯರಿಗೆ ಈ ವಿವೇಕವು ಹಿಂದಿನಿಂದಲೂ ಇತ್ತು. ಇದೇ ಹೊಯ್ಸಳರ ಕಾಲಕ್ಕೆ, 12ನೆಯ ಶತಮಾನಕ್ಕೆ ಸೇರಿದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಾಗ ಲೆಕ್ಕದ ಸೂತ್ರಗಳಿಗೆ ಪದ್ಯವನ್ನೂ ಬಳಸಿದನು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಕಟ್ಟಿದನು. ಬಾಸೆಲ್ ಮಿಷನ್ನಿನ ಕಿಟೆಲ್ ಪಂಡಿತರು ಆ ವ್ಯಾಕರಣವನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದುಂಟು. ಕಂದವು ನಾಲಗೆಯ ಮೇಲೆ ನಿಲ್ಲುವ ಛಂದಸ್ಸು. ಆದರೆ ಕೇಶಿರಾಜನು ಸೂತ್ರವನ್ನಷ್ಟೇ ಕೊಟ್ಟು ಬಿಡಲಿಲ್ಲ. ಕೆಳಗೆ ವೃತ್ತಿಯನ್ನು ಬರೆದನು, ಹಿಂದಿನ ಕವಿಗಳ ಕಾವ್ಯಗಳಿಂದ ಪ್ರಯೋಗಗಳನ್ನೂ ಆರಿಸಿಕೊಟ್ಟನು. ಬಾಯಿಗೆ ಸೂತ್ರ, ಬುದ್ಧಿಗೆ ವೃತ್ತಿ, ಕಣ್ಣಿಗೆ ಪ್ರಯೋಗ. ಮೂರರಲ್ಲಿ ಮೊದಲನೆಯದನ್ನೇ ನಾವು ಟಿಪ್ಪಣಿಯೆಂದು ಹಂಚುತ್ತಿದ್ದೆವು. ಅನಂತರ ಅದನ್ನೇ ಕಿತ್ತೆಸೆದಿದ್ದೆವು.

ನಮ್ಮ ಸ್ವಂತ ಅನುಭವವೂ ಇದಕ್ಕೆ ಹೊರತಲ್ಲ. ಮಿಷನ್ ವಿದ್ಯಾರ್ಥಿನಿಲಯದಲ್ಲಿ ಬೆಳೆದ ನಮಗೆ ರಾತ್ರಿಯ ಊಟಕ್ಕೆ ಮುಂಚೆ ಕಂಠಪಾಠ ವಾಕ್ಯವನ್ನು ಒಪ್ಪಿಸಬೇಕೆಂಬ ಕಟ್ಟಳೆಯಿತ್ತು. ಹಸಿದ ಹೊಟ್ಟೆಯಲ್ಲಿ ಅರ್ಥವಾಗದ ಮಾತುಗಳನ್ನು ಗುಣುಗುಣಿಸುತ್ತ, ಆ ಕಟ್ಟಳೆಯನ್ನು ಶಪಿಸುತ್ತಿದ್ದೆವು. ಮೂವತ್ತು ವರ್ಷಗಳ ಬಳಿಕ ನಮ್ಮ ತಾಯಿಯವರ ಕೊನೆಯ ರಾತ್ರಿಗಳಲ್ಲಿ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದಾಗ, ದೀಪ ಆರಿಸಿದ ಕತ್ತಲೆಯಲ್ಲಿ ಹೇಳುವುದಕ್ಕೆ ನಮ್ಮ ಬಳಿ ಇದ್ದುವು ಅವೇ. ಅವರು ತುಟಿಯಾಡಿಸಿ ಜೊತೆಗೂಡುತ್ತಿದ್ದರು. ಆದುದರಿಂದ ಬಾಯಿಪಾಠವನ್ನು ಹಗುರವಾಗಿ ಆಡುವುದನ್ನು ನಾವು ಬಿಟ್ಟಿದ್ದೇವೆ. ಒಂದು ದಿನದ ಪರೀಕ್ಷೆಗಾಗಿ ಒಂದು ರಾತ್ರಿ ಮಾಡುವ ಬಾಯಿಪಾಠದ ಮೇಲೆ ಮಾತ್ರ ನಮ್ಮ ಕೋಪ ಇನ್ನೂ ಇದೆ.

ಹೊಯ್ಸಳರ ಪಾಠವನ್ನು ನಾವು ಈಗ ಹೇಳಿಕೊಡುವ ಬಗೆಯನ್ನು ಹಳೆಯ ವಿದ್ಯಾರ್ಥಿನಿಯರು ಕೇಳಿದರೆ ಹೊಟ್ಟೆಕಿಚ್ಚುಪಟ್ಟಾರು! ಮೊದಲಿಗೆ ಪುಸ್ತಕವನ್ನು ತೆರೆಯುವುದೇ ಇಲ್ಲ. ನಮ್ಮ ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಮಕ್ಕಳನ್ನು ನಡೆಸಿಕೊಂಡು ಹೋಗುತ್ತೇವೆ. ಸುಮಾರು 1220ರಲ್ಲಿ ಕಟ್ಟಿದ ಈ ಗುಡಿಯ ಮುಂದಿನ ಮಂಟಪದ ಆಕಾರವೇ ನಕ್ಷತ್ರ. ದಿನವೂ ಅದರ ಆಸುಪಾಸಿನಲ್ಲಿ ಓಡಾಡುವ ಮಕ್ಕಳು ಒಮ್ಮೆಯೂ ಅದರ ಮೂಲೆಗಳನ್ನು ಎಣಿಸಿದವರಲ್ಲ. ಸುತ್ತಲೂ ನಡೆದು, ಎಣಿಸಿ, ಶಾಲೆಗೆ ಹಿಂದಿರುಗಿ, ನೋಡಿದುದನ್ನು ನೆನಪಿನಿಂದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಒಬ್ಬೊಬ್ಬಳ ನಕ್ಷತ್ರಕ್ಕೆ ಒಂದೊಂದು ಲೆಕ್ಕದ ಮೂಲೆಗಳು, ಜಗಳ ಹತ್ತುತ್ತದೆ, ಸಂಜೆ ಮತ್ತೆ ಹೋಗಿ ನೋಡಿ ಬರುತ್ತಾರೆ. ಆ ಮೇಲೆ ಪುಸ್ತಕ. ಪುಸ್ತಕವಾದ ಮೇಲೆ ಹಳೇಬೀಡು, ಬೇಲೂರು. ಎರಡು ತಿಂಗಳು ಕಳೆದು, ಎಲ್ಲವೂ ಮರೆಯುವ ಹೊತ್ತಿಗೆ, ಒಂದು ಬೆಳಗ್ಗೆ ಮೊದಲೇ ತಿಳಿಸದೆ ಅದೇ ಪಾಠದ ಚೀಟಿ.

ಇದರ ಫಲವನ್ನು ಒಮ್ಮೆ ಬೇಲೂರಿನಲ್ಲಿ ಕಂಡೆವು. ಚೆನ್ನಕೇಶವ ದೇವಾಲಯವು 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಿತವಾದದ್ದೆಂದೂ, ಹೊರಗಡೆ 38, ಒಳಗಡೆ ನಾಲ್ಕು, ಒಟ್ಟು 42 ಮದನಿಕೆಯರೆಂದೂ ಮಾರ್ಗದರ್ಶಿಯೊಬ್ಬರು ಸರಿಯಾಗಿಯೇ ಹೇಳಿ, ಇವೆಲ್ಲವನ್ನೂ ಕೆತ್ತಿದವನು ಜಕಣಾಚಾರಿಯೆಂದೂ, ಕಲ್ಲಿನ ಒಡಲಿನಲ್ಲಿ ಕಪ್ಪೆ ಸಿಕ್ಕಿತೆಂದೂ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದರು. ಹಿಂದೆ ನಿಂತಿದ್ದ ಒಬ್ಬ ಬಾಲಿಕೆ, “ಅಣ್ಣಾ, ಮದನಿಕೆಯ ಪೀಠದ ಮೇಲೆ ದಾಸೋಜ ಅಂತ ಬರೆದಿದೆಯಂತಲ್ಲ, ಅದು ಎಲ್ಲಿದೆ ತೋರಿಸುತ್ತೀರಾ?” ಎಂದು ವಿನಯದಿಂದಲೇ ಕೇಳಿದಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಅಲ್ಲಿ ಕೆತ್ತಿಕೊಂಡಿರುವರಷ್ಟೆ. ಮಾರ್ಗದರ್ಶಿಗಳು ಸಂತೋಷಪಟ್ಟು, ತಲೆಯೆತ್ತಿ ನೋಡಬೇಕಾದ ಸ್ಥಳವನ್ನು ತೋರಿಸಿದರು. ಕಪ್ಪೆಯ ಕಥೆಯನ್ನು ಅವಳು ಬಿಟ್ಟುಕೊಡಲೂ ಇಲ್ಲ. “ಕಥೆ ಕಥೆಯೇ, ಶಾಸನ ಶಾಸನವೇ, ಎರಡೂ ಇರಲಿ ಮಿಸ್,” ಎಂದಳು. ನಾವು ಈ ಮಾತನ್ನು ಹೇಳಿಕೊಟ್ಟಿರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಮರುದಿನ ಪತ್ರಿಕೆಯ ತುಂಡನ್ನು ಹಿಡಿದು ಏಳೆಂಟು ಮಂದಿ ಬಾಗಿಲಲ್ಲಿ ನಿಂತಿದ್ದರು. ಸಂತೋಷ ಹೇಳುವುದಕ್ಕಲ್ಲ, ದೂರು ಹೇಳುವುದಕ್ಕೆ: ‘ನಮ್ಮ ಊರಿನ ಗುಡಿ ಯಾಕೆ ಇಲ್ಲ?’ ಪಟ್ಟಿಗೆ ಸೇರಿಸುವುದು ನಮ್ಮ ಕೈಯಲ್ಲಿಲ್ಲ, ವರ್ಣಿಸಿ ಬರೆಯುವುದು ನಿಮ್ಮ ಕೈಯಲ್ಲಿದೆ ಎಂದೆವು. ಅವರು ಬರೆದ ಆರು ಪುಟದ ವರ್ಣನೆಯನ್ನು ಶಾಲೆಯ ಗ್ರಂಥಾಲಯದಲ್ಲಿ ಇಟ್ಟಿದ್ದೇವೆ. ಅದರಲ್ಲಿ ಕಾಗುಣಿತದ ತಪ್ಪುಗಳುಂಟು. ಜಗತಿಯೆಲ್ಲಿದೆಯೆಂಬ ವಿಷಯದಲ್ಲಿ ತಪ್ಪಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಹತ್ತನೆಯ ತರಗತಿಗೆ ಬಂದೊಡನೆ ಡಿಸೆಂಬರಿನಿಂದ ಗೈಡುಗಳು ಚೀಲದೊಳಗೆ ಸೇರುತ್ತವೆ. ಸಿದ್ಧ ಉತ್ತರಗಳು ಈಗ ಕೈಯೊಳಗಣ ಫೋನಿನಲ್ಲಿಯೇ ದೊರೆಯುವುದರಿಂದ, ನೆನಪಿನಲ್ಲಿಟ್ಟುಕೊಳ್ಳುವುದೇತಕ್ಕೆಂದು ಮಕ್ಕಳು ನೇರವಾಗಿಯೇ ಕೇಳುತ್ತಾರೆ. ಬಡ್ಡಿಯ ಡಬ್ಬಿಯ ಕಥೆಯನ್ನು ಹೇಳುತ್ತೇವೆ. ಕೆಲವರು ಒಪ್ಪುತ್ತಾರೆ. ನಮ್ಮಲ್ಲಿಯೇ ಇಬ್ಬರು ಉಪಾಧ್ಯಾಯಿನಿಯರು ಈಗಲೂ ಟಿಪ್ಪಣಿಯನ್ನು ಹೇಳಿ ಬರೆಯಿಸುತ್ತಾರೆ. ಅವರ ತರಗತಿಯ ಅಂಕಗಳು ಚೆನ್ನಾಗಿಯೇ ಇವೆ. ಅವರನ್ನು ತಡೆಯಲು ನಮಗೆ ಬಾಯಿಲ್ಲ.

ಈ ವರ್ಷದ ಜೂನ್ ಮೊದಲ ವಾರದಲ್ಲಿ, ದಾಖಲಾತಿಯ ಗಲಾಟೆಯ ನಡುವೆ, ಒಬ್ಬ ತಾಯಿ ಎಂಟನೆಯ ತರಗತಿಗೆ ಮಗಳನ್ನು ಸೇರಿಸಲು ಬಂದರು. ಅರ್ಜಿಯನ್ನು ನೋಡುತ್ತ, ತಾಯಿಯ ಹೆಸರಿನ ಮೇಲೆ ಕಣ್ಣು ನಿಂತಿತು. ತಲೆಯೆತ್ತಿದೆವು. ಅವಳೇ, ಎರಡಂಕದವಳು. ಎದ್ದು ನಿಂತೆವು, ಅವಳಿಗೆ ಗಾಬರಿಯಾಯಿತು. “ನೀವು ಕೂತುಕೊಳ್ಳಿ ಮಿಸ್,” ಎಂದಳು.

ಹಳೇಬೀಡಿನ ಮಾತನ್ನು ನಾವೇ ತೆಗೆದೆವು. ಇಪ್ಪತ್ತು ವರ್ಷ ನಮ್ಮನ್ನು ಚುಚ್ಚಿದ ಆ ಎರಡು ಪದಗಳನ್ನು ಹೇಳಿ, ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆವು. ಅವಳಿಗೆ ಅದು ನೆನಪೇ ಇರಲಿಲ್ಲ. ಬಸ್ಸಿನಲ್ಲಿ ಹಾಡಿದ್ದು, ಯಾರದೋ ಪುಳಿಯೋಗರೆಯ ಡಬ್ಬಿ ಕೆಳಗೆ ಬಿದ್ದದ್ದು, ಬೇಲೂರಿನಲ್ಲಿ ಮಳೆ ಬಂದದ್ದು, ಇವನ್ನೇ ನಗುತ್ತ ಹೇಳಿದಳು. ಬಳಪದ ಕಲ್ಲನ್ನು ಕೇಳಿದೆವು. “ಹೂಂ ಮಿಸ್, ಅದು ಗೊತ್ತಲ್ಲ, ಅಜ್ಜಿ ಊರಿನ ಕಲ್ಲು. ಇವಳಿಗೂ ತೋರಿಸಿದ್ದೀನಿ,” ಎಂದಳು. ಅದು ಹೊರಗೆ ಬಂದಮೇಲೆ ಗಟ್ಟಿಯಾಗುವುದೇಕೆಂದು ಅಂದು ಕೇಳಿದ್ದೆಯಲ್ಲ, ಎಂದು ನಾವು ಉತ್ತರವನ್ನು ಹೇಳತೊಡಗಿದೆವು. ತಾಯಿ ಮಗಳು ಇಬ್ಬರೂ ಕೇಳಿದರು. ಹೊರಗೆ ಸಾಲಿನಲ್ಲಿ ಇನ್ನೂ ಹದಿನೈದು ಮಂದಿ ಪೋಷಕರು ಕಾಯುತ್ತಿದ್ದರು. ಗುಮಾಸ್ತರು ಎರಡು ಸಲ ಬಂದು ಇಣಿಕಿ ನೋಡಿ ಹೋದರು.

ಹೊರಡುವಾಗ ಅವಳು ಬಾಗಿಲ ಬಳಿ ನಿಂತು, “ಈಗಲೂ ಬೇಲೂರಿಗೆ ಕರೆದುಕೊಂಡು ಹೋಗುತ್ತೀರಾ ಮಿಸ್? ಬಸ್ಸಿಗೆ ಎಷ್ಟು ಕೊಡಬೇಕು?” ಎಂದು ಕೇಳಿದಳು. ನವೆಂಬರಿನಲ್ಲಿ ಹೋಗುವೆವು, ತಾಯಂದಿರಿಗೂ ನಾಲ್ಕು ಸ್ಥಳಗಳನ್ನು ಇಡುತ್ತೇವೆ ಎಂದೆವು. ಅವಳು ಮಗಳ ಮುಖವನ್ನು ನೋಡಿ, ನಮ್ಮ ಮೇಜಿನ ಮೇಲಿದ್ದ ಲೇಖನಿಯನ್ನು ತೆಗೆದುಕೊಂಡು, ಅರ್ಜಿಯ ಹಿಂಬದಿಯಲ್ಲಿ ಎರಡು ಹೆಸರುಗಳನ್ನು ಬರೆದಳು.